ಗೋಡೆ ಗಡಿಯಾರದ ಬೆಲೆ: ಕಾರ್ಖಾನೆ ಕೊಟ್ಟದ್ದೆಷ್ಟು, ಕಡಲಗಾಳಿ ಕಳೆದದ್ದೆಷ್ಟು?

ಮಂಗಳೂರಿನ ಪಣಂಬೂರಿನ ಆಸುಪಾಸಿನಲ್ಲಿ ಹಳೆ ಮನೆ ಕೆಡವಿ ಹೊಸತು ಕಟ್ಟುವಾಗ ಅಥವಾ ಅಣ್ಣತಮ್ಮಂದಿರು ಪಾಲಾಗುವಾಗ ಚಾವಡಿಯ ಗೋಡೆಯಲ್ಲಿರುವ ಗಡಿಯಾರದ ಮಾತು ಬಂದೇ ಬರುತ್ತದೆ. ಅಜ್ಜನ ಕಾಲದ್ದು, ಕೀ ಕೊಟ್ಟರೆ ಈಗಲೂ ಓಡುತ್ತದೆ, ಗಂಟೆಯನ್ನೂ ಬಾರಿಸುತ್ತದೆ. ಇದಕ್ಕೆ ಎಷ್ಟು ಬರಬಹುದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಗುಜರಿಯವರು ಮರವನ್ನು ಬದಿಗಿಟ್ಟು ಒಳಗಿನ ಹಿತ್ತಾಳೆಯ ತೂಕಕ್ಕೆ ಒಂದು ಮೊತ್ತ ಹೇಳುತ್ತಾರೆ. ಮೊಬೈಲಿನಲ್ಲಿ ಹುಡುಕಿದವರಿಗೆ ಅದೇ ಚಹರೆಯ ಗಡಿಯಾರದ ಮುಂದೆ ಐದಂಕಿಯದ್ದೋ ಆರಂಕಿಯದ್ದೋ ಬೆಲೆ ಕಾಣುತ್ತದೆ. ಮೊದಲನೆಯದು ಗಡಿಯಾರವನ್ನು ಬರೀ ಲೋಹವೆಂದು ಎಣಿಸುತ್ತದೆ. ಎರಡನೆಯದು ಹಳೆಯದೆಲ್ಲ ಅಪರೂಪವೆಂದು ನಂಬಿಸುತ್ತದೆ. ಯಂತ್ರದಿಂದ ಲಕ್ಷಗಟ್ಟಲೆ ತಯಾರಾದ ಮನೆಬಳಕೆಯ ಗಡಿಯಾರಕ್ಕೆ ಬೆಲೆ ಕಟ್ಟುವ ದಾರಿ ಬೇರೆಯೇ ಇದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಒಂದು ಮಾದರಿಯ ಗಡಿಯಾರಗಳೆಲ್ಲ ಒಂದೇ ಆಗಿದ್ದವು. ಇವತ್ತು ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ಅಂತರವಿದ್ದರೆ ಅದು ಆ ದಿನದ ನಂತರ ಹುಟ್ಟಿದ್ದು. ಏನು ಉಳಿದಿದೆ, ಏನು ಹೋಗಿದೆ, ಏನು ಬದಲಾಗಿದೆ ಎಂದು ಓದುವುದೇ ಬೆಲೆ ಕಟ್ಟುವ ಕೆಲಸ. ಕಡಲ ಪಕ್ಕದ ಪಣಂಬೂರಿನಲ್ಲಿ ಈ ಓದು ಒಳನಾಡಿಗಿಂತ ಹೆಚ್ಚು ಎಚ್ಚರ ಕೇಳುತ್ತದೆ.

ಮೊದಲು ಸಂಖ್ಯೆಯ ವಿಷಯ. ಹದಿನೆಂಟನೆಯ ಶತಮಾನದವರೆಗೆ ಗಡಿಯಾರವೆಂದರೆ ಒಬ್ಬ ಕುಶಲಕರ್ಮಿ ತಿಂಗಳುಗಟ್ಟಲೆ ಕೂತು ಮಾಡುವ ವಸ್ತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಎಲಿ ಟೆರ್ರಿ ಎಂಬಾತ 1806ರ ಸುಮಾರಿಗೆ ಮೂರು ವರ್ಷಗಳಲ್ಲಿ 4,000 ಮರದ ಗಡಿಯಾರ ಯಂತ್ರಗಳನ್ನು ಮಾಡಿಕೊಡಲು ಒಪ್ಪಿಕೊಂಡ. ನೀರಿನ ಬಲದಿಂದ ಓಡುವ ಯಂತ್ರಗಳಲ್ಲಿ ಒಂದೇ ಅಳತೆಯ ಬಿಡಿಭಾಗಗಳನ್ನು ಕತ್ತರಿಸಿ, ಯಾವುದನ್ನು ಯಾವುದಕ್ಕೆ ಬೇಕಾದರೂ ಜೋಡಿಸಬಹುದಾದ ಹಾಗೆ ಮಾಡಿ, ಆ ಮಾತನ್ನು ಉಳಿಸಿಕೊಂಡ. ಅಲ್ಲಿಂದ ಗಡಿಯಾರ ಶ್ರೀಮಂತರ ಮನೆಯಿಂದ ಸಾಮಾನ್ಯರ ಗೋಡೆಗೆ ಬಂತು. ಚಾನ್ಸಿ ಜೆರೋಮ್ ಹಿತ್ತಾಳೆಯ ತಗಡನ್ನು ಅಚ್ಚಿನಲ್ಲಿ ಕತ್ತರಿಸಿ ಇನ್ನೂ ಅಗ್ಗದ ಯಂತ್ರ ಮಾಡಿ 1842ರಲ್ಲಿ ಇಂಗ್ಲೆಂಡಿಗೆ ಕಳಿಸಿದ. ಜರ್ಮನಿಯ ಕಪ್ಪು ಕಾಡಿನ ಶ್ರಾಂಬರ್ಗ್‌ನಲ್ಲಿ 1861ರಲ್ಲಿ ಶುರುವಾದ ಯುಂಗ್‌ಹಾನ್ಸ್ ಕಂಪನಿ ಅಮೆರಿಕದ ವಿಧಾನವನ್ನೇ ಕಲಿತು, 1903ರ ಹೊತ್ತಿಗೆ 3,000ಕ್ಕೂ ಹೆಚ್ಚು ಕೆಲಸಗಾರರೊಂದಿಗೆ ವರ್ಷಕ್ಕೆ 30 ಲಕ್ಷದಷ್ಟು ಗಡಿಯಾರ ತಯಾರಿಸುವ, ಜಗತ್ತಿನಲ್ಲೇ ಅತಿ ದೊಡ್ಡ ಕಾರ್ಖಾನೆಯಾಗಿತ್ತು. ಟೋಕಿಯೋದಲ್ಲಿ ಕಿಂತಾರೊ ಹತ್ತೋರಿ 1892ರಲ್ಲಿ ಸೈಕೋಶಾ ಕಾರ್ಖಾನೆಯನ್ನು ತೆರೆದು ಗೋಡೆ ಗಡಿಯಾರದಿಂದಲೇ ಕೆಲಸ ಆರಂಭಿಸಿದ. ಇಂದಿನ ಸೈಕೋ ಅದರ ಮುಂದುವರಿಕೆ. ವರ್ಷಕ್ಕೆ ಲಕ್ಷಗಟ್ಟಲೆ ತಯಾರಾದ ವಸ್ತುವಿನಲ್ಲಿ ನೂರಕ್ಕೆ ಒಂದು ಮಾತ್ರ ಉಳಿದರೂ ಸಾವಿರಾರು ಉಳಿದಂತಾಯಿತು. ಹಾಗಾಗಿ ಹಳೆಯದು ಎಂಬ ಒಂದೇ ಕಾರಣಕ್ಕೆ ಅಂಥ ಗಡಿಯಾರ ದುಬಾರಿಯಾಗುವುದಿಲ್ಲ.

ಇವು ನಮ್ಮ ಕರಾವಳಿಗೆ ಬಂದ ದಾರಿಯೂ ಬೆಲೆಯ ಲೆಕ್ಕದಲ್ಲಿ ಸೇರುತ್ತದೆ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲಿತ್ತು, ವ್ಯಾಪಾರದ ಹಡಗುಗಳು ಬೊಂಬಾಯಿಗೆ ಹೋಗಿಬರುತ್ತಿದ್ದವು. ಹೀಗಾಗಿ ಮದರಾಸಿನ ಪಿ. ಓರ್ ಆಂಡ್ ಸನ್ಸ್, ಬೊಂಬಾಯಿ ಮತ್ತು ಕಲ್ಕತ್ತೆಯ ವೆಸ್ಟ್ ಎಂಡ್ ವಾಚ್ ಕಂಪನಿಯಂಥ ವರ್ತಕರ ಹೆಸರು ಹೊತ್ತ ಗಡಿಯಾರಗಳು ದಕ್ಷಿಣ ಭಾರತದಲ್ಲಿ ಕಾಣಸಿಗುತ್ತವೆ. ಡಯಲ್ ಮೇಲಿನ ಹೆಸರು ಹಲವು ಸಲ ಮಾರಿದವರದ್ದು. ಮಾಡಿದವರ ಹೆಸರು ಒಳಗಿನ ಹಿತ್ತಾಳೆ ಫಲಕದ ಮೇಲಿರುತ್ತದೆ. ಭಾರತಕ್ಕೆಲ್ಲ ಒಂದೇ ಸಮಯ ಎಂಬ ವ್ಯವಸ್ಥೆ 1906ರ ಜನವರಿ 1ರಂದು ಬಂತು. ಮರುವರ್ಷ, 1907ರಲ್ಲಿ, ರೈಲು ಮಂಗಳೂರು ತಲುಪಿತು. ರೈಲು, ಶಾಲೆ, ಕಚೇರಿ, ಹಂಚಿನ ಕಾರ್ಖಾನೆ ಎಲ್ಲವೂ ಗಂಟೆ ನೋಡಿ ನಡೆಯತೊಡಗಿದಾಗ ಮನೆಯ ಗೋಡೆಗೂ ಗಡಿಯಾರ ಬೇಕಾಯಿತು. ಆಗ ಮನೆಗಳಿಗೆ ಬಂದದ್ದು ಹೆಚ್ಚಾಗಿ ಮಧ್ಯಮ ದರ್ಜೆಯ, ಎಂಟು ದಿನಕ್ಕೊಮ್ಮೆ ಕೀ ಕೊಡುವ ಗಡಿಯಾರ. ಅರಮನೆಗೋ ವೇಧಶಾಲೆಗೋ ಮಾಡಿದಂಥ ವಸ್ತು ಸಾಮಾನ್ಯ ಮನೆಯ ಚಾವಡಿಗೆ ಬರುವ ಸಂಭವ ತೀರಾ ಕಡಿಮೆ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡರೆ ಆಮೇಲಿನ ನಿರಾಶೆ ತಪ್ಪುತ್ತದೆ.

ಒಂದೇ ಅಚ್ಚಿನ ವಸ್ತುಗಳ ಬೆಲೆ ಅವು ಉಳಿದ ರೀತಿಯಿಂದ ಬೇರೆಯಾಗುತ್ತದೆ ಎಂಬುದು ಮಂಗಳೂರಿನವರಿಗೆ ಹೊಸ ಪಾಠವೇನಲ್ಲ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚು ಇವತ್ತೂ ಹಳೆ ಮನೆಗಳ ಮಾಡಿನಿಂದ ಇಳಿಯುತ್ತಿದೆ. ಕಾರ್ಖಾನೆಯ ಅಚ್ಚು ಸ್ಪಷ್ಟವಾಗಿರುವ, ಮೂಲೆ ಮುರಿಯದ, ತಟ್ಟಿದರೆ ಗಟ್ಟಿ ದನಿ ಕೊಡುವ ಹಂಚನ್ನು ಕೊಳ್ಳುವವರು ಆರಿಸಿ ಬದಿಗಿಡುತ್ತಾರೆ. ಅದೇ ವರ್ಷದ, ಅದೇ ಅಚ್ಚಿನ, ಬಿರುಕು ಬಿಟ್ಟ ಹಂಚು ತಗ್ಗು ತುಂಬಿಸಲು ಹೋಗುತ್ತದೆ. ಎರಡರ ವಯಸ್ಸೂ ಒಂದೇ, ಮಣ್ಣೂ ಒಂದೇ, ಉಳಿದ ರೀತಿ ಮಾತ್ರ ಬೇರೆ. ಗಡಿಯಾರಕ್ಕೂ ಇದೇ ನ್ಯಾಯ. ಹಂಚಿಗೂ ಗಡಿಯಾರಕ್ಕೂ ಇನ್ನೊಂದು ನಂಟೂ ಇದೆ. ಮಂಗಳೂರು ಮಾದರಿಯ ಹಂಚನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಊರುಗಳಲ್ಲಿ ಗುಜರಾತಿನ ಮೋರ್ಬಿಯೂ ಒಂದು. ಭಾರತದ ಗೋಡೆ ಗಡಿಯಾರ ಉದ್ಯಮದ ತವರೂ ಅದೇ. ಶಾಲಾ ಶಿಕ್ಷಕರಾಗಿದ್ದ ಓಧವಜಿ ಪಟೇಲ್ 1971ರಲ್ಲಿ ಅಲ್ಲಿ ಪಾಲುದಾರರೊಂದಿಗೆ ಆರಂಭಿಸಿದ ಅಜಂತಾ ಕಂಪನಿಯ ಗಡಿಯಾರ ಕಾಣದ ಕನ್ನಡಿಗರ ಮನೆ ಕಡಿಮೆ.

ಇನ್ನು ಗಡಿಯಾರವನ್ನು ಕೈಗೆತ್ತಿಕೊಳ್ಳೋಣ. ಬೆಲೆ ಕಟ್ಟುವವರು ಮೊದಲು ನೋಡುವುದು ಮುಖವನ್ನಲ್ಲ, ಬೆನ್ನನ್ನು. ಲೋಲಕವನ್ನು ಕಳಚಿ, ಗಡಿಯಾರವನ್ನು ಗೋಡೆಯಿಂದ ಇಳಿಸಿ, ಡಯಲ್‌ನ ಹಿಂದಿನ ಹಿತ್ತಾಳೆ ಫಲಕವನ್ನು ಬೆಳಕಿಗೆ ಹಿಡಿದರೆ ಕಾರ್ಖಾನೆಯ ಗುರುತು ಕಾಣುತ್ತದೆ. ಎಂಟು ಮೂಲೆಯ ನಕ್ಷತ್ರದೊಳಗೆ ಜೆ ಅಕ್ಷರವಿದ್ದರೆ ಯುಂಗ್‌ಹಾನ್ಸ್. ಒಂದರ ಮೇಲೊಂದು ಅಡ್ಡವಾಗಿರುವ ಎರಡು ಬಾಣಗಳಿದ್ದರೆ ಹ್ಯಾಂಬರ್ಗ್ ಅಮೆರಿಕನ್ ಕಂಪನಿ. ಯುಂಗ್‌ಹಾನ್ಸ್‌ನ ಹಲವು ಯಂತ್ರಗಳಲ್ಲಿ ಎ ಅಥವಾ ಬಿ ಅಕ್ಷರದ ಜೊತೆ ಎರಡು ಅಂಕೆ ಇರುತ್ತದೆ. ಎ ಎಂದರೆ ವರ್ಷದ ಮೊದಲರ್ಧ, ಬಿ ಎಂದರೆ ಎರಡನೆಯರ್ಧ, ಅಂಕೆ ವರ್ಷದ್ದು. ಎ 24 ಎಂದಿದ್ದರೆ 1924ರ ಮೊದಲ ಆರು ತಿಂಗಳಲ್ಲಿ ತಯಾರಾದದ್ದು. ದೇಶದ ಹೆಸರೂ ಕಾಲ ಹೇಳುತ್ತದೆ. ಆಕ್ರಮಿತ ಜಪಾನ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಎರಡನೇ ಮಹಾಯುದ್ಧದ ನಂತರದ, 1952ಕ್ಕೆ ಮುಂಚಿನ ತಯಾರಿ. ಪಶ್ಚಿಮ ಜರ್ಮನಿ ಎಂದಿದ್ದರೆ 1949ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಡಯಲ್ ಮೇಲೆ 31 ದಿನ ಎಂದು ಬರೆದ, ತಿಂಗಳಿಗೊಮ್ಮೆ ಕೀ ಕೊಡುವ ಗಡಿಯಾರಗಳಲ್ಲಿ ಹೆಚ್ಚಿನವು ಜಪಾನ್, ಕೊರಿಯಾ, ಚೀನಾಗಳಿಂದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಟವು. ನೋಡಲು ಅಜ್ಜನ ಕಾಲದ್ದೆಂದು ಕಂಡರೂ ವಯಸ್ಸು ಐವತ್ತರ ಆಸುಪಾಸು.

ಇಲ್ಲಿ ದಾರಿ ತಪ್ಪಿಸುವ ಸಾಕ್ಷ್ಯಗಳೂ ಇವೆ. ಫಲಕದ ಮೇಲೆ ಕೆತ್ತಿದ ವರ್ಷ ಹಲವು ಬಾರಿ ಪೇಟೆಂಟ್ ಸಿಕ್ಕ ವರ್ಷ; ಆ ಪೇಟೆಂಟಿನ ಯಂತ್ರ ಅದರ ನಂತರ ದಶಕಗಳ ಕಾಲ ತಯಾರಾಗಿರಬಹುದು. ಡಯಲ್ ಮೇಲಿನ ವರ್ಷ ಕಂಪನಿ ಹುಟ್ಟಿದ ವರ್ಷವಾಗಿರಬಹುದು. ರೋಮನ್ ಅಂಕೆಗಳಲ್ಲಿ ನಾಲ್ಕನ್ನು ನಾಲ್ಕು ಗೀಟುಗಳಾಗಿ ಬರೆದಿರುವುದನ್ನು ತೋರಿಸಿ ಬಹಳ ಹಳೆಯದು ಎನ್ನುವವರಿದ್ದಾರೆ. ನಿನ್ನೆ ಮೊನ್ನೆ ತಯಾರಾದ ಪ್ಲಾಸ್ಟಿಕ್ ಗಡಿಯಾರದಲ್ಲೂ ಹಾಗೆಯೇ ಬರೆಯುತ್ತಾರೆ. ಗಂಟೆ ಬಾರಿಸುವುದೂ ಅಂತಸ್ತಿನ ಗುರುತಲ್ಲ. ಅಗ್ಗದ ಯಂತ್ರಗಳಲ್ಲಿ ಗಂಟೆಯ ಎಣಿಕೆಯನ್ನು ಕಚ್ಚುಗಳಿರುವ ಒಂದು ಚಕ್ರ ನೋಡಿಕೊಳ್ಳುತ್ತದೆ. ಅದಕ್ಕೆ ಮುಳ್ಳು ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಮೂರಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಐದು ಎಂದು ತನ್ನ ಪಾಡಿಗೆ ಬಾರಿಸುತ್ತಾ ಹೋಗುತ್ತದೆ. ಹೀಗಾಗಿ ಮುಳ್ಳು ಏಳರಲ್ಲಿದ್ದು ಗಂಟೆ ಹತ್ತು ಬಾರಿಸಿದರೆ ಯಂತ್ರ ಕೆಟ್ಟಿದೆ ಎಂದು ಬೆಲೆ ಇಳಿಸಬೇಕಾಗಿಲ್ಲ. ಬಲ್ಲವರು ಒಂದೆರಡು ನಿಮಿಷದಲ್ಲಿ ಸರಿಹೊಂದಿಸುತ್ತಾರೆ.

ಸಮಯ ತಪ್ಪುವುದೂ ಹಾಗೆಯೇ. ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ಹಾಳಾದದ್ದೆಂದು ಕಡಿಮೆಗೆ ಕೇಳುವುದುಂಟು. ಲೋಲಕದ ಒಂದು ತೂಗಿಗೆ ತಗಲುವ ಕಾಲ ಎರಡೇ ಸಂಗತಿಗಳಿಂದ ನಿರ್ಧಾರವಾಗುತ್ತದೆ: ಅದರ ಉದ್ದ ಮತ್ತು ಆ ಜಾಗದ ಗುರುತ್ವ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿ, ನಡುವಿನಲ್ಲಿ ಉಬ್ಬಿ, ತಿರುಗುತ್ತಿರುವುದರಿಂದ ಸಮಭಾಜಕದ ಕಡೆಗೆ ಬಂದಂತೆ ಗುರುತ್ವ ಸ್ವಲ್ಪ ಕಡಿಮೆಯಾಗುತ್ತದೆ. ಫ್ರಾನ್ಸಿನ ಜಾನ್ ರಿಶೆ 1672ರಲ್ಲಿ ದಕ್ಷಿಣ ಅಮೆರಿಕದ ಕಾಯೆನ್‌ಗೆ ಕೊಂಡೊಯ್ದ ಗಡಿಯಾರ ಪ್ಯಾರಿಸಿಗಿಂತ ದಿನಕ್ಕೆ ಎರಡೂವರೆ ನಿಮಿಷ ನಿಧಾನವಾದದ್ದು ಇದೇ ಕಾರಣಕ್ಕೆ. 48 ಡಿಗ್ರಿ ಅಕ್ಷಾಂಶದ ಶ್ರಾಂಬರ್ಗ್‌ನಲ್ಲಿ ಕರಾರುವಾಕ್ಕಾಗಿ ಹೊಂದಿಸಿದ ಗಡಿಯಾರವನ್ನು 13 ಡಿಗ್ರಿಯ ಹತ್ತಿರದ ಪಣಂಬೂರಿಗೆ ತಂದು ತೂಗುಹಾಕಿದರೆ ದಿನಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ ಹಿಂದೆ ಬೀಳಲೇಬೇಕು. ಲೋಲಕದ ಬಿಲ್ಲೆಯ ಕೆಳಗಿನ ನಟ್ಟನ್ನು ತಿರುಗಿಸಿ ಬಿಲ್ಲೆಯನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಸರಿಹೋಗುತ್ತದೆ. ಕೆಲವು ಬಿಲ್ಲೆಗಳ ಮೇಲೆ ಆರ್ ಮತ್ತು ಎ ಅಕ್ಷರಗಳಿರುವುದು ನಿಧಾನ, ವೇಗ ಎಂದು ಸೂಚಿಸಲಿಕ್ಕೆ. ಉಷ್ಣತೆಯ ಮಟ್ಟಿಗಂತೂ ಕರಾವಳಿ ಲೋಲಕಕ್ಕೆ ಅನುಕೂಲದ ಜಾಗ. ಉಕ್ಕಿನ ಕಡ್ಡಿ ಒಂದು ಡಿಗ್ರಿ ಬಿಸಿಯಾದರೆ ಗಡಿಯಾರ ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಚಳಿಗಾಲಕ್ಕೂ ಬೇಸಗೆಗೂ ದೊಡ್ಡ ಅಂತರವಿಲ್ಲದ ನಮ್ಮಲ್ಲಿ ಆ ಏರುಪೇರು ಲೆಕ್ಕಕ್ಕಿಲ್ಲ.

ಉಷ್ಣತೆ ಕೊಟ್ಟ ಅನುಕೂಲವನ್ನು ಉಪ್ಪು ಕಿತ್ತುಕೊಳ್ಳುತ್ತದೆ. ಅಲೆ ಒಡೆದಾಗ ಹಾರುವ ತುಂತುರಿನ ನೀರು ಆರಿ, ಕಣ್ಣಿಗೆ ಕಾಣದ ಉಪ್ಪಿನ ಹುಡಿ ಗಾಳಿಯಲ್ಲಿ ಉಳಿಯುತ್ತದೆ. ಕಡಲಿಗೆ ಹತ್ತಿರವಿದ್ದಷ್ಟೂ ಅದು ಜಾಸ್ತಿ. ಗಾಳಿಯ ತೇವಾಂಶ ನೂರಕ್ಕೆ 75ನ್ನು ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನ ಸುತ್ತಮುತ್ತ ಮಳೆ ಬೀಳುವ, ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಪಣಂಬೂರಿನಲ್ಲಿ ಆ ಗೆರೆ ದಾಟುವುದು ನಿತ್ಯದ ಮಾತು. ಅಂದರೆ ಗಡಿಯಾರದೊಳಗೆ ಕೂತ ಉಪ್ಪಿನ ಧೂಳು ಮಳೆಗಾಲ ಪೂರ್ತಿ ಉಪ್ಪುನೀರಿನ ತೆಳು ಪದರವಾಗಿ ಉಕ್ಕನ್ನು ಹಿಡಿದಿರುತ್ತದೆ. ಪೆಟ್ಟಿಗೆಗೆ ಹೊಳಪಿನ ಬಣ್ಣವಿದ್ದರೂ ಒಳಗೆ ಚಕ್ರದ ಅಚ್ಚುಗಳ ತುದಿ, ಲೋಲಕ ತೂಗುವ ತೆಳು ಉಕ್ಕಿನ ಪಟ್ಟಿ, ಸ್ಪ್ರಿಂಗ್‌ನ ಸುರುಳಿಗಳ ನಡುವೆ ತುಕ್ಕು ಹಿಡಿದಿರಬಹುದು. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಒರೆಸಿ ತೆಗೆಯಬಹುದು; ಅಚ್ಚಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಅದು ಹಿತ್ತಾಳೆಯ ತೂತನ್ನು ಅರದಂತೆ ತಿಂದು ಅಗಲ ಮಾಡುತ್ತದೆ. ತೂತು ದುಂಡಗಿದೆಯೋ ಮೊಟ್ಟೆಯಾಕಾರಕ್ಕೆ ಬಂದಿದೆಯೋ ಎಂದು ನೋಡುವುದು ಬೆಲೆ ಕಟ್ಟುವುದರಲ್ಲಿ ಬಹುಮುಖ್ಯ ಹೆಜ್ಜೆ. ದನದ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿದ್ದ ಗಡಿಯಾರಕ್ಕೆ ಇನ್ನೊಂದು ಅಪಾಯ: ಗಂಜಲದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿದರೆ ಬಿಗುವಿನಲ್ಲಿರುವ ಹಿತ್ತಾಳೆ ಸೀಳುತ್ತದೆ. ಬ್ರಿಟಿಷ್ ಸೈನ್ಯದ ಹಿತ್ತಾಳೆಯ ತೋಟಾಗಳು ಭಾರತದ ಮಳೆಗಾಲದಲ್ಲಿ ಕುದುರೆ ಲಾಯದ ಬಳಿ ಹೀಗೆಯೇ ಬಿರಿದಿದ್ದವು.

ಪೆಟ್ಟಿಗೆಯೂ ಸಾಕ್ಷಿ ಹೇಳುತ್ತದೆ. ಹೆಚ್ಚಿನ ಕಾರ್ಖಾನೆ ಗಡಿಯಾರಗಳ ಪೆಟ್ಟಿಗೆ ಅಗ್ಗದ ಮರದ್ದು, ಮೇಲೆ ಒಳ್ಳೆಯ ಮರದ ತೆಳು ಹಾಳೆ ಅಂಟಿಸಿದ್ದು. ಮಳೆಗಾಲದ ತೇವಕ್ಕೆ ಅಂಟು ಬಿಟ್ಟು ಹಾಳೆ ಏಳುತ್ತದೆ, ಗೋಡೆಯ ಪಸೆಗೆ ಹಿಂಬದಿಯ ಹಲಗೆ ಗೆದ್ದಲಿಗೆ ತುತ್ತಾಗುತ್ತದೆ. ಕಾಗದದ ಡಯಲ್ ಕಂದುಬಣ್ಣಕ್ಕೆ ತಿರುಗಿ ಚುಕ್ಕೆಯೇಳುತ್ತದೆ. ಹಿಂಬದಿಯಲ್ಲಿ ಅಂಟಿಸಿದ ಕಾರ್ಖಾನೆಯ ಚೀಟಿ ಕರಾವಳಿಯಲ್ಲಿ ಉಳಿಯುವುದೇ ಕಷ್ಟ. ಉಳಿದಿದ್ದರೆ ಅದು ಬೆಲೆ ಹೆಚ್ಚಿಸುವ ಸಂಗತಿ. ಗಾಜನ್ನೂ ನೋಡಬೇಕು. ಬದಿಯಿಂದ ನೋಡಿದಾಗ ನೀರಿನ ಮೇಲ್ಮೈಯಂತೆ ತುಸು ಅಲೆ ಕಂಡರೆ ಹಳೆಯ ಗಾಜು. ತೀರಾ ಸಮತಟ್ಟಾಗಿದ್ದರೆ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ತೇಲುಗಾಜಿನ ವಿಧಾನದ್ದು, ಅಂದರೆ ನಂತರ ಹಾಕಿಸಿದ್ದು ಎಂಬ ಅನುಮಾನಕ್ಕೆ ಎಡೆಯಿದೆ.

ಇದಕ್ಕಿಂತ ದೊಡ್ಡ ಪ್ರಶ್ನೆ, ಇದು ಒಂದೇ ಗಡಿಯಾರವೇ ಅಥವಾ ಎರಡು ಮೂರರ ಜೋಡಣೆಯೇ ಎಂಬುದು. ಬಿಡಿಭಾಗಗಳು ಒಂದಕ್ಕೊಂದು ಹೊಂದುವುದು ಕಾರ್ಖಾನೆಯ ತಯಾರಿಯ ಗುಣ. ಕಲಬೆರಕೆಗೂ ಅದೇ ದಾರಿ. ಒಂದರ ಪೆಟ್ಟಿಗೆ, ಇನ್ನೊಂದರ ಯಂತ್ರ, ಮೊನ್ನೆ ಮುದ್ರಿಸಿ ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ ಡಯಲ್ ಸೇರಿಸಿ ಪುರಾತನ ಎಂದು ಮಾರುವುದು ಹಳೆ ಸಾಮಾನಿನ ಪೇಟೆಯಲ್ಲಿ ಹೊಸತಲ್ಲ. ಗುರುತಿಸುವ ಉಪಾಯ ಸರಳ. ಯಂತ್ರ ಕೂತ ಹಲಗೆಯಲ್ಲಿ ಬಳಕೆಗೆ ಬಾರದ ಸ್ಕ್ರೂ ತೂತುಗಳಿವೆಯೇ? ಕೀ ಹಾಕುವ ತೂತು ಡಯಲ್‌ನ ತೂತಿಗೆ ಸರಿಯಾಗಿ ನೇರದಲ್ಲಿದೆಯೇ? ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟುತ್ತದೆಯೇ, ಮೀರುತ್ತದೆಯೇ? ಲೋಲಕದ ಬಿಲ್ಲೆ ಗಾಜಿನ ಕಿಂಡಿಯ ನಡುವೆ ಕಾಣುತ್ತದೆಯೇ? ಒಂದಕ್ಕೂ ಸರಿಯಾದ ಉತ್ತರ ಬರದಿದ್ದರೆ ಅದು ಅಲಂಕಾರದ ವಸ್ತು. ಹಳೆ ಗಡಿಯಾರದ ಬೆಲೆ ಅದಕ್ಕಿಲ್ಲ. ಹಳೆ ಯಂತ್ರ ತೆಗೆದು ಸೆಲ್ಲಿನ ಯಂತ್ರ ಕೂರಿಸಿದ ಮರದ ಗಡಿಯಾರವೂ ಇದೇ ಸಾಲಿಗೆ ಸೇರುತ್ತದೆ.

ಇಷ್ಟು ಹೇಳಿದಾಗ ಏಳುವ ಮೊದಲ ಆಕ್ಷೇಪ: ಹಾಗಾದರೆ ತುಕ್ಕು ಹಿಡಿದ ಗಡಿಯಾರವನ್ನು ಮುಟ್ಟದೆ ಹಾಗೇ ಇಡಬೇಕೇ? ಸರಿಪಡಿಸುವುದು ಮತ್ತು ಹೊಸದಾಗಿ ಕಾಣಿಸುವುದು ಎರಡು ಬೇರೆ ಕೆಲಸಗಳು. ಯಂತ್ರವನ್ನು ಬಿಚ್ಚಿ ತೊಳೆದು, ಸವೆದ ತೂತಿಗೆ ಹಿತ್ತಾಳೆಯ ಬುಶ್ ಹಾಕಿ, ಗಡಿಯಾರದ ಎಣ್ಣೆ ಬಿಟ್ಟು ಜೋಡಿಸಿದರೆ ಬೆಲೆ ಕಡಿಮೆಯಾಗುವುದಿಲ್ಲ. ಅದು ಬಳಕೆಯ ವಸ್ತುವಿಗೆ ಸಲ್ಲಬೇಕಾದ ಆರೈಕೆ. ಪೆಟ್ಟಿಗೆಗೆ ದಪ್ಪನೆ ವಾರ್ನಿಶ್ ಬಳಿಸುವುದು, ಮಾಸಿದ ಡಯಲನ್ನು ಕಿತ್ತು ಬಿಳಿ ಹೊಸತು ಹಾಕುವುದು, ಹಿತ್ತಾಳೆಯನ್ನು ಹುಳಿಯಿಂದ ತಿಕ್ಕಿ ಫಳಫಳ ಮಾಡುವುದು ಬೇರೆ. ಒಂದೇ ಮಾದರಿಯ ಸಾವಿರಾರು ಗಡಿಯಾರಗಳ ನಡುವೆ ಒಂದನ್ನು ಬೇರೆಯಾಗಿ ನಿಲ್ಲಿಸುವುದು ಅದರ ಮೂಲ ಮೈ. ಅದನ್ನೇ ಅಳಿಸಿದ ಮೇಲೆ ಕೊಳ್ಳುವವರು ಹೆಚ್ಚು ಕೊಡಲು ಕಾರಣ ಉಳಿಯುವುದಿಲ್ಲ. ಮನೆಯಲ್ಲೇ ಮಾಡುವ ಕೆಲವು ಉಪಚಾರಗಳೂ ತೊಂದರೆಯವು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕಾಲ ಹೋದಂತೆ ಧೂಳಿನ ಜೊತೆ ಸೇರಿ ಜಿಗುಟಾಗುತ್ತದೆ. ಗಡಿಯಾರಕ್ಕೆ ಅದನ್ನು ಬಿಡಲೇಬಾರದು. ಸುತ್ತಿದ ಸ್ಪ್ರಿಂಗ್‌ನಲ್ಲಿ ಒಂದು ವಾರದ ಓಟದ ಬಲ ಅಡಗಿರುತ್ತದೆ. ಗೊತ್ತಿಲ್ಲದೆ ಫಲಕ ಬಿಚ್ಚಿದರೆ ಬೆರಳು ಹೋಗಬಹುದು, ಹಲ್ಲುಗಳೂ ಮುರಿಯಬಹುದು. ಅದು ಬಲ್ಲವರ ಕೆಲಸ.

ಎರಡನೆಯ ಆಕ್ಷೇಪ ಕಾನೂನನ್ನು ಮುಂದಿಡುತ್ತದೆ: ನೂರು ವರ್ಷ ದಾಟಿದ್ದನ್ನು ಸರಕಾರವೇ ಪುರಾತನ ವಸ್ತು ಎನ್ನುವಾಗ ಬೆಲೆ ಇಲ್ಲವೆನ್ನುವುದು ಹೇಗೆ? 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆ ಕನಿಷ್ಠ 100 ವರ್ಷ ಹಳೆಯದಾದ, ಹಿಂದಿನ ಕಾಲದ ವಿಜ್ಞಾನ, ಕಲೆ, ಕಸುಬುಗಳನ್ನು ತೋರುವ ವಸ್ತುಗಳನ್ನು ಪುರಾತನ ಎಂದು ಕರೆಯುವುದು ನಿಜ. ಆದರೆ ಆ ಕಾಯಿದೆಯ ಉದ್ದೇಶ ದೇಶದ ಪರಂಪರೆ ಹೊರಗೆ ಹೋಗದಂತೆ ತಡೆಯುವುದು. ಪೇಟೆಯ ಬೆಲೆ ನಿಗದಿ ಮಾಡುವುದು ಅದರ ಕೆಲಸವಲ್ಲ. ವಾಸ್ತವದಲ್ಲಿ ಅದು ಮಾರುವವರ ಕೈ ಕಟ್ಟುತ್ತದೆ: ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ನೂರು ದಾಟಿದ ಗಡಿಯಾರವನ್ನು ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳ ಮನೆಗೆ ಒಯ್ಯುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ವಿದೇಶದ ಹರಾಜಿನ ಬೆಲೆಯನ್ನು ಇಲ್ಲಿನ ಗಡಿಯಾರಕ್ಕೆ ಹಾಗೇ ಹಚ್ಚುವುದು ತಪ್ಪಾಗಲು ಇದೂ ಒಂದು ಕಾರಣ.

ಮೂರನೆಯದು ಜಾಲತಾಣದ ಬೆಲೆಯ ವಾದ. ಅಲ್ಲಿ ಕಾಣುವುದು ಮಾರುವವರು ಕೇಳಿದ ಬೆಲೆ. ಕೇಳಿದ ಬೆಲೆಗೆ ಮಿತಿಯಿಲ್ಲ, ಏಕೆಂದರೆ ಕೇಳುವುದಕ್ಕೆ ಖರ್ಚಿಲ್ಲ. ನಿಜವಾಗಿ ವ್ಯಾಪಾರವಾದ ಬೆಲೆ ಗೊತ್ತಾದರೆ ಮಾತ್ರ ಅದು ಸಾಕ್ಷ್ಯ. ತಿಂಗಳುಗಟ್ಟಲೆ ಅದೇ ಜಾಹೀರಾತು ಅಲ್ಲೇ ಇದ್ದರೆ ಆ ಬೆಲೆಗೆ ಯಾರೂ ಕೊಳ್ಳುತ್ತಿಲ್ಲ ಎಂದೇ ಅರ್ಥ. ಇದಕ್ಕೆ ಪ್ರತಿಯಾಗಿ ಎಚ್‌ಎಂಟಿ ಕೈಗಡಿಯಾರಗಳನ್ನು ತೋರಿಸುವವರಿದ್ದಾರೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಕೈಗಡಿಯಾರಗಳನ್ನೂ ಲಕ್ಷಗಟ್ಟಲೆ ಮಾಡಲಾಗಿತ್ತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿದ ಸುಮಾರಿಗೆ ಅವುಗಳಿಗೆ ಬೇಡಿಕೆ ಏರಿತು. ಉದಾಹರಣೆ ಸರಿಯಾದದ್ದೇ, ಆದರೆ ಅದು ಈ ವಾದವನ್ನೇ ಗಟ್ಟಿಮಾಡುತ್ತದೆ. ಅಲ್ಲಿಯೂ ಹೆಚ್ಚು ಬೆಲೆ ಸಿಗುವುದು ಡಯಲ್ ಬದಲಾಗದ, ಕೇಸ್ ಪಾಲಿಶ್ ಆಗದ, ಪೆಟ್ಟಿಗೆ ಕಾಗದ ಉಳಿದಿರುವ ವಾಚಿಗೆ. ಬಣ್ಣದ ಹೊಸ ಡಯಲ್ ಹಾಕಿ ಮಾರುವ ವಾಚುಗಳನ್ನು ಸಂಗ್ರಾಹಕರು ದೂರವಿಡುತ್ತಾರೆ. ಅಲ್ಲದೆ ಕೈಗಡಿಯಾರ ಜೇಬಿನಲ್ಲಿ ಹಿಡಿಯುತ್ತದೆ, ಅಂಚೆಯಲ್ಲಿ ಹೋಗುತ್ತದೆ. ಗಾಜಿನ ಬಾಗಿಲಿನ ಗೋಡೆ ಗಡಿಯಾರವನ್ನು ಕಟ್ಟಿ ಕಳಿಸುವ ಖರ್ಚೂ ಅಪಾಯವೂ ಅದರ ಬೆಲೆಯನ್ನೇ ನುಂಗುವುದುಂಟು, ಫ್ಲ್ಯಾಟಿನ ಗೋಡೆಯಲ್ಲಿ ಅದಕ್ಕೆ ಜಾಗವೂ ಕಡಿಮೆ.

ಸೆಲ್ಲಿನಿಂದ ಓಡುವ ಪ್ಲಾಸ್ಟಿಕ್ ಗಡಿಯಾರಕ್ಕೆ ಬೆಲೆ ಕಟ್ಟುವುದೇ ವ್ಯರ್ಥವಲ್ಲವೇ ಎಂದು ಕೇಳಬಹುದು. ಗೃಹಪ್ರವೇಶಕ್ಕೆ ಬಂದವು, ಸೊಸೈಟಿಯವರು ಕೊಟ್ಟವು, ಕೊಲ್ಲಿಯಿಂದ ಬಂದವು ಎಂದು ಪಣಂಬೂರಿನ ಮನೆಗಳಲ್ಲಿ ಈಗಿರುವುದು ಹೆಚ್ಚಾಗಿ ಇವೇ. ಇವುಗಳೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ; ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಉಳಿಯುವುದು ಸೆಕೆಂಡಿಗೆ ಒಂದು. ಆ ಒಂದು ಮಿಡಿತ ಪುಟ್ಟ ಮೋಟಾರನ್ನು ಒಂದು ಹೆಜ್ಜೆ ತಿರುಗಿಸುತ್ತದೆ. ನಿಖರತೆಯಲ್ಲಿ ಇದು ಅಜ್ಜನ ಗಡಿಯಾರವನ್ನು ಸುಲಭವಾಗಿ ಸೋಲಿಸುತ್ತದೆ, ಏಕೆಂದರೆ ತಿಂಗಳಿಗೆ ಕೆಲವು ಸೆಕೆಂಡುಗಳಷ್ಟೇ ತಪ್ಪುತ್ತದೆ. ಆದರೂ ಮಾರಾಟದ ಬೆಲೆ ಇದಕ್ಕಿಲ್ಲ, ಏಕೆಂದರೆ ಸಾದಾ ಹೊಸತು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಎಸೆಯಬೇಕೇ, ಉಳಿಸಬೇಕೇ ಎಂಬುದು. ಸೆಲ್ ಸೋರಿ ಹಸಿರು ಹಿಡಿದ ಪತ್ತಿಗಳನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿದರೆ ಹಲವು ಗಡಿಯಾರಗಳು ಮತ್ತೆ ಓಡುತ್ತವೆ. ಓಡದಿದ್ದರೆ ಇಡೀ ಯಂತ್ರವೇ ಅಗ್ಗಕ್ಕೆ ಬಿಡಿಯಾಗಿ ಸಿಗುತ್ತದೆ. ಹಳೆಯದರ ನಟ್ಟು ಬಿಚ್ಚಿ ಹೊಸತನ್ನು ಕೂರಿಸುವುದು ಮನೆಯಲ್ಲೇ ಆಗುವ ಕೆಲಸ. ಇಲ್ಲಿ ಯಂತ್ರ ಬದಲಿಸಿದರೆ ಬೆಲೆ ಹೋಗುವ ಭಯವಿಲ್ಲ, ಏಕೆಂದರೆ ಹೋಗಲು ಬೆಲೆಯೇ ಇಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಮನೆತನದ ನೆನಪಿಗೆ ಬೆಲೆಯಿಲ್ಲವೇ? ಪಣಂಬೂರಿನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ನವ ಮಂಗಳೂರು ಬಂದರಿಗಾಗಿ ಇಲ್ಲಿನ ಕುಟುಂಬಗಳು ಮನೆ, ಗದ್ದೆ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಗೋಡೆಯೇ ಹೋದ ಮನೆಯ ಗೋಡೆ ಗಡಿಯಾರ ಉಳಿದಿದ್ದರೆ ಅದಕ್ಕೆ ಆ ಮನೆಯವರ ಮಟ್ಟಿಗೆ ಬೆಲೆ ಕಟ್ಟಲಾಗದು. ಒಪ್ಪತಕ್ಕ ಮಾತು. ಆದರೆ ಆ ಬೆಲೆ ಕೊಳ್ಳುವವರಿಗೆ ವರ್ಗವಾಗುವುದಿಲ್ಲ, ಕುಟುಂಬದ ಹೊರಗೆ ಹೋದ ಗಳಿಗೆಯಲ್ಲೇ ಅದು ಇಲ್ಲವಾಗುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕಾಲಮಿನಲ್ಲಿ ಬರೆಯಬೇಕು. ಪಾಲಿನ ಸಮಯದಲ್ಲಿ ಹುಟ್ಟುವ ಮನಸ್ತಾಪಕ್ಕೆ ಈ ಎರಡನ್ನು ಕಲಸಿದ್ದೂ ಒಂದು ಕಾರಣ: ಒಬ್ಬರು ಪೇಟೆಯ ಬೆಲೆಯನ್ನು, ಇನ್ನೊಬ್ಬರು ನೆನಪಿನ ಬೆಲೆಯನ್ನು ಹಿಡಿದು ಮಾತಾಡುತ್ತಿರುತ್ತಾರೆ. ಪೇಟೆಯ ಬೆಲೆ ಕೆಲವು ಸಾವಿರವಷ್ಟೇ ಎಂದು ಮೊದಲು ಗೊತ್ತಾದರೆ, ನೆನಪು ಯಾರಿಗೆ ಹೆಚ್ಚು ಬೇಕೋ ಅವರಿಗೆ ಬಿಟ್ಟುಕೊಡುವುದು ಸುಲಭವಾಗುತ್ತದೆ. ನೆನಪಿಗೂ ದಾಖಲೆ ಬೇಕು. ಯಾರು, ಎಲ್ಲಿಂದ, ಯಾವಾಗ ತಂದದ್ದು ಎಂದು ಒಂದು ಚೀಟಿ ಬರೆದು ಒಳಗಿಟ್ಟರೆ ಮುಂದಿನ ತಲೆಮಾರಿಗೆ ಅದು ಬರೀ ಹಳೆ ಸಾಮಾನಾಗದೆ ಉಳಿಯುತ್ತದೆ.

ಒಟ್ಟು ತೀರ್ಮಾನ ಹೀಗೆ. ಸಾಮಾನ್ಯ ಮನೆಯ ಕೀ ಕೊಡುವ ಗೋಡೆ ಗಡಿಯಾರ ಲಕ್ಷದ ಮಾತಿಗೆ ಬರುವುದು ಬಹಳ ಅಪರೂಪ. ಅದರ ಲೆಕ್ಕ ಸಾವಿರಗಳಲ್ಲೇ ಮುಗಿಯುತ್ತದೆ, ಮತ್ತು ಅದರೊಳಗಿನ ಏರಿಳಿತವನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಮೂಲ ಭಾಗಗಳ ಇರುವಿಕೆ ಮತ್ತು ತುಕ್ಕಿನ ಆಳ. ಮಾರುವ ಯೋಚನೆಯಿದ್ದವರು ಮೊದಲು ಬೆನ್ನಿನ ಫಲಕದ, ಡಯಲ್‌ನ, ಪೆಟ್ಟಿಗೆಯ ಫೋಟೋ ತೆಗೆಯಲಿ. ಬಣ್ಣ ಬಳಿಸುವ ಮೊದಲು ಗಡಿಯಾರ ರಿಪೇರಿ ಬಲ್ಲ ಇಬ್ಬರಿಗಾದರೂ ತೋರಿಸಲಿ. ಕೀ, ಲೋಲಕ, ಹಳೆಯ ರಸೀದಿ ಇದ್ದರೆ ಬೇರೆ ಮಾಡದೆ ಜೊತೆಗೇ ಇಡಲಿ. ಉಳಿಸಿಕೊಳ್ಳುವವರು ಅದನ್ನು ಕಡಲಿಗೆ ಮುಖಮಾಡಿದ ಕಿಟಕಿಯಿಂದ ದೂರ, ಪಸೆ ಹಿಡಿಯದ ಒಳಗೋಡೆಯಲ್ಲಿ ತೂಗುಹಾಕಿ, ಹಿಂಬದಿಗೂ ಗೋಡೆಗೂ ನಡುವೆ ಗಾಳಿಯಾಡಲು ಜಾಗ ಬಿಡಲಿ. ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಬಾಗಿಲು ತೆರೆದು ಒಣ ಬಟ್ಟೆಯಿಂದ ಧೂಳು ತೆಗೆದರೆ, ಕಡಲಗಾಳಿ ಕಳೆಯುವ ಬೆಲೆಯಲ್ಲಿ ಬಹುಪಾಲು ಅಲ್ಲಿಗೇ ಉಳಿಯುತ್ತದೆ.